ಮಗಳ ಬಾಡಿಗೆದಾರ

"ತಲೆ ಕಡೆ ಎತ್ತಿ ಹಿಡಿ, ಗೋಡೆಗೆ ತಾಗತ್ತೆ," ಎಂದು ಗಂಡ ಮೆಟ್ಟಿಲ ತಿರುವಿನಲ್ಲಿ ಏದುಸಿರು ಬಿಟ್ಟ.

ಅಪ್ಪನ ಕಂಕುಳಿಗೆ ಕೈಕೊಟ್ಟು ಹಿಮ್ಮುಖವಾಗಿ ಹತ್ತುತ್ತಿದ್ದ ಅವಳು ಹಲ್ಲು ಕಚ್ಚಿದಳು. ನಡುಮನೆಯ ಕಿಟಕಿ ಪಕ್ಕದ ಮಂಚದಲ್ಲಿ ಈಗಷ್ಟೇ ಉಸಿರು ಬಿಟ್ಟ ಅಪ್ಪನನ್ನು, ಬೀದಿ ಏಳುವ ಮೊದಲು ತಾರಸಿಯ ಕೋಣೆ ಸೇರಿಸಬೇಕಿತ್ತು.

"ಯಾರಾದ್ರೂ ಕೇಳಿದ್ರೆ?"

"ಮೊದಲಿಂದ ಮೇಲೇ ಇದ್ರು ಅನ್ನು. ಇಲ್ಲಾಂದ್ರೆ ನಾವೂ ಬೀದಿಗೆ."

* * *

ಅಪ್ಪ ಕಂಡಕ್ಟರು. ಆಯುಷ್ಯವನ್ನೆಲ್ಲ ನಿಂತೇ ಸವೆಸಿದವನು. ಅವನ ಗಂಟಲಲ್ಲಿ ಅರ್ಧ ಊರು ಬಿಡಾರ ಹೂಡಿತ್ತು: ಚಿಲ್ಲರೆ ಇಲ್ಲದವರ ರಾಗ, ಡ್ರೈವರನ ಗೊರಕೆ, ಬ್ರೇಕಿನ ಕಿರುಚಾಟ. ತೆರಿಗೆ ಸಲಹೆಗಾರನ ಮೂಗುದನಿ ಕೊನೆಯಲ್ಲಿ ಬಂದು ಸೇರಿಕೊಂಡಿತು.

"ಹೊಸ ಕಾನೂನಲ್ಲಿ, ನೀವು ಸತ್ತ ಮೇಲೆ ಮನೆ ಮಗಳಿಗೆ ಹೋದ್ರೆ ಭಾರೀ ತೆರಿಗೆ. ಈಗಲೇ ದಾನಪತ್ರ ಮಾಡಿ. ಆದ್ರೆ ಕೊಟ್ಟ ಮನೇಲಿ ಪುಕ್ಕಟೆ ಇದ್ರೆ ಅದು ಕೊಟ್ಟ ಹಾಗಲ್ಲ, ತೆರಿಗೆ ತಪ್ಪಲ್ಲ. ಇದ್ದಷ್ಟು ಜಾಗಕ್ಕೆ ಪೇಟೆ ದರದಲ್ಲಿ ಬಾಡಿಗೆ ಕಟ್ಟಬೇಕು."

ಅಪ್ಪ ಮನೆಗೆ ಬಂದು ಮೂಗು ಹಿಡಿದು ಅದನ್ನೇ ಆಡಿ ತೋರಿಸಿದ. "ದಾನಪತ್ರ ಅಲ್ಲಮ್ಮ ಇದು, ನಿಧಾನಪತ್ರ. ನಿಧಾನಕ್ಕೆ ಹೊರಗೆ ಹಾಕತ್ತೆ."

ದಾನಪತ್ರವಾದ ಮೇಲೆ ಪಿಂಚಣಿಗೆ ಎಟುಕಿದ್ದು ತಾರಸಿಯ ತಗಡಿನ ಕೋಣೆ ಒಂದೇ. ತಾನೇ ಕಟ್ಟಿಸಿದ ಮನೆಯ ಬಾಗಿಲು ತಟ್ಟಿ, "ಓನರಮ್ಮಾ, ಬಾಡಿಗೆ ತಗೊಳ್ಳಿ, ರಸೀದಿ ಹರೀರಿ," ಎನ್ನುತ್ತಿದ್ದ. ಕಾಫಿಗೆ ಕರೆದರೂ ಹೊಸಿಲು ದಾಟುತ್ತಿರಲಿಲ್ಲ.

ಹಾಸಿಗೆ ಹಿಡಿದಾಗ ಅವಳೇ ತಡೆಯಲಾರದೆ ಕೆಳಗಿಳಿಸಿ ತಂದಳು. ಔಷಧಿಯ ಖರ್ಚಿನ ನಡುವೆ ತಾರಸಿ ಕೋಣೆಯ ಬಾಡಿಗೆಯಷ್ಟೇ ಸಂದಿತು, ನಡುಮನೆಯದು ಕಟ್ಟಲಾಗಲಿಲ್ಲ. ಪಕ್ಕದ ಮನೆಯಾತ ತೆರಿಗೆ ಕಚೇರಿಯ ಗುಮಾಸ್ತ. ಹಾಗಾಗಿ ಕಿಟಕಿಯ ಪರದೆ ಸರಿಯಲೇ ಇಲ್ಲ. ಅಪ್ಪ ಕತ್ತಲಲ್ಲಿ ಮಲಗಿ, ಬೀದಿಯ ಬಸ್ಸುಗಳನ್ನು ಸದ್ದಿನಿಂದಲೇ ಗುರುತಿಸಿ ಪಿಸುದನಿಯಲ್ಲಿ "ರೈಟ್, ರೈಟ್" ಎನ್ನುತ್ತಿದ್ದ.

"ಪರದೆ ಒಂಚೂರು?"

"ಬೇಡ ಅಪ್ಪ."

"ಸರಿ ಓನರಮ್ಮ."

* * *

ತಗಡು ಕಾಯ್ದಿತ್ತು. ತಾರಸಿ ಹತ್ತಿಬಂದ ಅತ್ತೆ, ಅಪ್ಪನ ಒಬ್ಬಳೇ ತಂಗಿ, ಬಾಗಿಲಲ್ಲೇ ನಿಂತಳು.

"ಇಲ್ಲೇನೇ ಮಲಗಿಸಿದ್ದು? ಕೊನೇವರೆಗೂ?"

ಅತ್ತೆಯ ಹಿಂದೆ ಗುಮಾಸ್ತ ಬೆವರು ಒರೆಸಿಕೊಳ್ಳುತ್ತಿದ್ದ. ಒಳ್ಳೆಯ ಮನುಷ್ಯ, ಹೂವು ತಂದಿದ್ದ. "ಕಡತ ನನ್ನ ಮೇಜಿಗೇ ಬರತ್ತಮ್ಮ," ಎಂದು ಸಂಕೋಚದಿಂದ ಹೇಳಿದ. "ಕೊನೆಗೆ ಎಲ್ಲಿದ್ರು ಅಂತ ಬರೀಬೇಕಾಗತ್ತೆ. ಇವತ್ತು ಕೇಳಬಾರದು, ಗೊತ್ತು."

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಅವಳ ಸಂಬಳಕ್ಕೆ ಆ ತೆರಿಗೆ ನಿಲುಕುವಂಥದ್ದಲ್ಲ. ಮನೆ ಮಾರಿಯೇ ಕಟ್ಟಬೇಕು.

"ಹೂಂ. ಇಲ್ಲೇ ಇದ್ದ."

"ಆಹಾ!" ಅತ್ತೆ ಎದೆ ಹಿಡಿದುಕೊಂಡಳು. "ಬಸ್ಸಲ್ಲಿ ಮುದುಕರು ಮಕ್ಕಳಿಗೆಲ್ಲ ಸೀಟು ಕೊಡಿಸಿದ. ಅವನ ಮನೇಲಿ ಅವನಿಗೇ ಸ್ಟ್ಯಾಂಡಿಂಗ್!"

ಬಂದವರಲ್ಲಿ ಒಬ್ಬಿಬ್ಬರು ನಕ್ಕು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು. ಅಪ್ಪ ಇದ್ದಿದ್ದರೆ ಆ ಕೆಮ್ಮನ್ನೂ ಕದಿಯುತ್ತಿದ್ದ. ಅವನಿಗೆ ಗಂಜಿ ಕುಡಿಸಿದ್ದು, ಬೆನ್ನು ಒರೆಸಿದ್ದು, ಅವನು ಹೋಗುವಾಗ ತಲೆ ತನ್ನ ತೊಡೆಯ ಮೇಲಿದ್ದದ್ದು, ಎಲ್ಲ ಮಗಳ ಬಾಯಿಗೆ ಬಂದವು. ಯಾವುದನ್ನು ಹೇಳಿದರೂ ಅದು ಸಾಕ್ಷಿ. ಗಂಡ ಅವಳತ್ತ ನೋಡದೆ ಚಟ್ಟದ ಹಗ್ಗ ಬಿಗಿದ.

ಕಡಿದಾದ ಮೆಟ್ಟಿಲಿಳಿದು ಹೊತ್ತವರು ಬಸವಳಿದರು. ಒಬ್ಬನ ಕಾಲು ತತ್ತರಿಸಿತು.

"ನಡುಮನೇಲಿ ಒಂದು ಗಳಿಗೆ ಇಳಿಸ್ರಪ್ಪ," ಎಂದ ಯಾರೋ.

"ಇಳಿಸ್ರೋ," ಎಂದು ಅತ್ತೆ ಚಿಲಕಕ್ಕೆ ಕೈ ಹಾಕಿದಳು. "ಹೆಣವಾಗಾದ್ರೂ ಒಳಗೆ ಬರಲಿ ನಮ್ಮಣ್ಣ."

ಮಗಳು ನಡುವೆ ನುಗ್ಗಿ ಬಾಗಿಲಿಗೆ ಬೆನ್ನು ಕೊಟ್ಟಳು.

"ಬೇಡ. ಹಾಗೇ ತಗೊಂಡು ಹೋಗಿ."

"ಸತ್ತವನಿಗೂ ಬಾಗಿಲು ಹಾಕ್ತೀಯಲ್ಲೇ!"

ಗುಮಾಸ್ತ ತನ್ನ ಚಪ್ಪಲಿ ನೋಡಿಕೊಂಡ. ಹೊತ್ತವರು ಭುಜ ಬದಲಿಸಿ ಮುಂದೆ ಸರಿದರು. ಓಣಿ ಇಕ್ಕಟ್ಟು, ಹೊದಿಸಿದ ಬಟ್ಟೆಯ ಅಂಚು ಅವಳ ಬೆರಳ ಗೆಣ್ಣುಗಳನ್ನು ಸವರಿಕೊಂಡು ಹೋಯಿತು. ಅವಳು ಕೈ ತೆಗೆಯಲಿಲ್ಲ. ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು ನಿಂತೇ ಇದ್ದಳು. ಬೆನ್ನ ಹಿಂದೆ, ಮುಚ್ಚಿದ ಬಾಗಿಲಿನಾಚೆ, ಮಡಿಸಲು ಮರೆತ ಹಾಸಿಗೆಯ ದಿಂಬಿನಲ್ಲಿ ಒಂದು ತಲೆಯಷ್ಟು ಗುಳಿ ಇನ್ನೂ ಹಾಗೇ ಇತ್ತು.