ಅಪ್ಪನ ಮೊಳ

ಮಲ್ಲಿಕಾ ಸೈಕಲ್ಲು ಏರಿ, ಹ್ಯಾಂಡಲ್ಲಿಗೆ ಹೊಸದಾಗಿ ಕೂಡಿಸಿದ್ದ ಮೆತ್ತೆಗಳ ಮೇಲೆ ಮೊಣಕೈ ಊರಿ, ಮುಂದಿನ ಸರಳಿಗೆ ಕೈ ಚಾಚಿದಳು. ಸಿಗಲಿಲ್ಲ. ಮುಂದಕ್ಕೆ ಜಗ್ಗಿ ಸರಳಿನ ತುದಿ ಹಿಡಿದಳು. ಮೊಣಕೈ ಮೆತ್ತೆ ಬಿಟ್ಟು ಗಾಳಿಯಲ್ಲಿ ತೂಗಿತು. ಮುಸ್ತಾಕ ತನ್ನ ವೆಲ್ಡಿಂಗ್ ಅಂಗಡಿಯ ಎದುರು ಸೈಕಲ್ಲಿನ ಸೀಟನ್ನು ಹಿಂದಿನಿಂದ ಅದುಮಿ ಹಿಡಿದು ನಿಂತಿದ್ದ.

“ಇನ್ನೊಂಚೂರು ಬಾಗವ್ವ.”

“ಇನ್ನೆಷ್ಟು ಬಾಗ್ಲಿ ಮುಸ್ತಾಕಣ್ಣ? ಮುಂದಿನ ಗಾಲಿಗೆ ಮುತ್ತು ಕೊಡ್ಲೇನು?”

ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಅಣ್ಣ ಮೈಲಾರಲಿಂಗ ಫಕ್ಕನೆ ನಕ್ಕ. ಅವನ ಪಕ್ಕದಲ್ಲಿ ಕೂತಿದ್ದ ಅಪ್ಪ ಕನಕಪ್ಪ ನಗಲಿಲ್ಲ. ಮಲ್ಲಿಕಾಗೆ ಮೈಯೆಲ್ಲ ಉರಿಯಿತು.

ಇನ್ನೆರಡು ದಿನಕ್ಕೆ ರವಿವಾರ, ವರ್ಷಕ್ಕೊಮ್ಮೆ ನಡೆಯುವ ಸೈಕಲ್ ಸವಾರಿ. ಸವಣೂರಿನಿಂದ ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು, ಅದೇ ದಾರಿಯಲ್ಲಿ ವಾಪಸು; ಒಂದೇ ದಿನದಲ್ಲಿ ಇನ್ನೂರು ಕಿಲೋಮೀಟರು. ಹೋದ ವರ್ಷ ಅವಳ ಕಾಲು ಸೋತಿರಲಿಲ್ಲ, ಉಸಿರೂ ಸೋತಿರಲಿಲ್ಲ. ಸೋತದ್ದು ಕೈ. ದಪ್ಪ ಗಾಲಿಯ ಮೌಂಟನ್ ಸೈಕಲ್ಲಿನ ನೆಟ್ಟಗಿನ ಹ್ಯಾಂಡಲ್ಲು ಮೈಯ ಭಾರವನ್ನೆಲ್ಲ ಅಂಗೈಗೆ ಹೇರುತ್ತದೆ. ಹಾನಗಲ್ಲು ದಾಟುವಷ್ಟರಲ್ಲಿ ಬಲಗೈಯ ಕಿರುಬೆರಳು ಜೋಮು ಹಿಡಿದಿತ್ತು. ಆಮೇಲೆ ಉಂಗುರಬೆರಳು. ಆಡೂರಿನ ಹತ್ತಿರ ಎಮ್ಮೆಗಳು ಅಡ್ಡ ಬಂದಾಗ ಬ್ರೇಕು ಒತ್ತಬೇಕೆಂದರೆ ಬೆರಳುಗಳು ಮಾತು ಕೇಳಲಿಲ್ಲ. ಗಟಾರಕ್ಕೆ ಬಿದ್ದಳು. ಮೂರು ವಾರ ಆ ಕೈಯಿಂದ ಅಂಗಿಯ ಗುಂಡಿ ಹಾಕಲು ಬರಲಿಲ್ಲ. ಇನ್ನೊಮ್ಮೆ ಹೀಗಾದರೆ ಸೈಕಲ್ಲು ಮರೆತುಬಿಡಬೇಕೆಂದು ಡಾಕ್ಟರು ಹೇಳಿದ್ದರು.

ಅದಕ್ಕೇ ಈ ಏರೋಬಾರು, ಹ್ಯಾಂಡಲ್ಲಿನಿಂದ ಮುಂದಕ್ಕೆ ಚಾಚುವ ಜೋಡಿ ಸರಳು. ರೇಸಿನವರು ಗಾಳಿ ಸೀಳಲು ಹಾಕಿಸುತ್ತಾರೆ. ಅವಳಿಗೆ ಬೇಕಾಗಿದ್ದು ಮೊಣಕೈ ಊರಿ ಅಂಗೈಗೆ ಬಿಡುವು ಕೊಡಲು ಒಂದು ಜಾಗ, ಅಷ್ಟೇ. ಅಂಗಡಿಯಲ್ಲಿ ಸಿಗುವವೆಲ್ಲ ಎತ್ತರದ ಗಂಡಸರಿಗೆಂದು ಮಾಡಿದವು. ಎರಡು ತಿಂಗಳು ವಿಡಿಯೋ ನೋಡಿ, ಅವ್ವನ ಹೊಲಿಗೆಯ ಟೇಪಿನಿಂದ ತನ್ನ ಕೈ ತಾನೇ ಅಳೆದು ಚೀಟಿ ಬರೆದಿದ್ದಳು. ಸರಳು ಹನ್ನೆರಡು ಇಂಚು. ತುದಿ ಮೇಲಕ್ಕೆ ಬಾಗಿರಲಿ. ಎರಡು ಮೆತ್ತೆಗಳ ನಡುವೆ ನನ್ನ ಭುಜದಷ್ಟು ಅಗಲ. ಆ ಚೀಟಿಯನ್ನು ಮುಸ್ತಾಕನಿಗೆ ಕೊಡಲು ಅಣ್ಣನ ಕೈಗೆ ಕೊಟ್ಟಿದ್ದಳು.

“ನನ್ನ ಚೀಟಿ ಎಲ್ಲೈತಿ?” ಎಂದಳು ಸೈಕಲ್ಲಿನಿಂದ ಇಳಿದು.

“ಚೀಟಿ ಯಾವುದು ತಂಗಿ? ಮೈಲಾರಿ ಕೋಲು ತಂದುಕೊಟ್ಟ. ಕೋಲಿನ ಪ್ರಕಾರ ಮಾಡೇನಿ. ಒಂದು ನೂಲು ಆಚೀಚಿ ಇಲ್ಲ.”

ಮುಸ್ತಾಕ ಗೋಡೆಗೆ ಒರಗಿಸಿದ್ದ ಕೋಲನ್ನು ತೋರಿಸಿದ. ಅದನ್ನು ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು.

ಅದು ಕನಕಪ್ಪನ ವೀಳ್ಯದೆಲೆ ಬಳ್ಳಿಯ ತೋಟದ ಕೋಲು. ಅವನ ಮೊಣಕೈಯಿಂದ ಬಿಗಿಮುಷ್ಟಿಯವರೆಗಿನ ಮೊಳ. ಬಳ್ಳಿಯನ್ನು ಎಷ್ಟೆತ್ತರಕ್ಕೊಮ್ಮೆ ಕಟ್ಟಬೇಕು, ಸಾಲಿಗೂ ಸಾಲಿಗೂ ಎಷ್ಟು ಬಿಡಬೇಕು, ಎಲ್ಲವೂ ಅದರಿಂದಲೇ. ಅಡುಗೆಮನೆಯ ಕಟ್ಟೆಯ ಎತ್ತರವನ್ನೂ ಅದೇ ಕೋಲಿನಿಂದ ಅಳೆದದ್ದು. ಅವ್ವ ಇಪ್ಪತ್ತೈದು ವರ್ಷದಿಂದ ಹಲಗೆಯ ಮೇಲೆ ನಿಂತು ರೊಟ್ಟಿ ಬಡಿಯುತ್ತಾಳೆ. ಆರಡಿ ಆಳಿನ ಮೊಳ. ಮಲ್ಲಿಕಾ ಐದಡಿ.

“ಚೀಟಿ ಯಾಕ ಕೊಡ್ಲಿಲ್ಲ?”

“ಇಂಚು ಗಿಂಚು ಅಂತ ಏನೇನೋ ಬರದಿದ್ದಿ,” ಎಂದ ಮೈಲಾರಲಿಂಗ. “ಕೈ ಅಳತಿ ಅಂದ್ರ ಮೊಳ. ನಮ್ಮನ್ಯಾಗ ಮೊಳ ಅಂದ್ರ ಕೋಲು. ಅದರಾಗೇನು ತಪ್ಪೈತಿ?”

“ಕೈ ಯಾರದು?”

ಕನಕಪ್ಪ ಚಹಾದ ಬಸಿ ಕೆಳಗಿಟ್ಟ. “ನಡುವ ಹಿಡಕೋ. ತುದೀನ ಹಿಡೀಬೇಕಂತ ಯಾರು ಬರದಾರ?”

“ನಡುವ ಹಿಡಿದ್ರ ಮಣಿಕಟ್ಟು ತಿರಗತೈತಪ್ಪ. ಮತ್ತ ಅದ ಜೋಮು.”

“ಎಲಿ ಎಣಿಸಿ ಕಟ್ಟು ಕಟ್ಟಾಕ ನಿನ್ನ ಬೆರಳು ಚಲೋ ಅದಾವಲ್ಲ. ಸೈಕಲ್ ಏರಿದಾಗಷ್ಟ ಜೋಮು ಹಿಡೀತಾವ?”

ಹೋದ ವರ್ಷ ಆ ಮೂರು ವಾರ ಹಲ್ಲು ಕಚ್ಚಿಕೊಂಡು, ಎಡಗೈಯಿಂದ ಎಲೆ ಎಣಿಸಿ ಕಟ್ಟು ಕಟ್ಟಿದ್ದಳು. ಕಟ್ಟು ಸಡಿಲವಾಗಿದೆ ಎಂದು ಬೈದವನೂ ಇದೇ ಅಪ್ಪ. ಯಾಕೆ ಸಡಿಲವಾಗಿದೆ ಎಂದು ಕೇಳಿರಲಿಲ್ಲ.

ಮುಸ್ತಾಕ ನಡುವೆ ಬಾಯಿ ಹಾಕಿದ. “ಕನಕಪ್ಪಣ್ಣ, ಒಂದು ತಾಸಿನ ಕೆಲಸ. ನಡುವ ನಾಕು ಬೆರಳು ತಗದು ಕೂಡಸ್ತೇನಿ. ತಂಗಿ, ಕೈ ಇಡು, ಗುರ್ತು ಮಾಡ್ತೇನಿ.”

ಅವಳು ಕೈ ಚಾಚುವ ಮೊದಲೇ ಮೈಲಾರಲಿಂಗ ಸೈಕಲ್ಲು ಏರಿದ್ದ. ಮೊಣಕೈ ಊರಿದ, ತುದಿ ಹಿಡಿದ, ಅಂಗಡಿಯ ಮುಂದೆ ಒಂದು ಸುತ್ತು ಹೊಡೆದ. ಅವನಿಗಾಗಿಯೇ ಮಾಡಿಸಿದ ಹಾಗಿತ್ತು. ಕನಕಪ್ಪನ ಮುಖ ಅರಳಿತು.

“ನೋಡಿದ್ಯಾ? ಅಳತಿ ಬರೋಬ್ಬರಿ ಐತಿ.”

“ಅಂದ್ರ ನಾ ತಪ್ಪೇನು?” ಎಂದಳು ಮಲ್ಲಿಕಾ. ಅವಳ ದನಿ ಏರಲಿಲ್ಲ, ಗಟ್ಟಿಯಾಯಿತು. “ಸರಳು ಸರಿ ಐತಿ, ಅದಕ್ಕ ಮಂದಿ ಹುಡುಕಾಕತ್ತೀರೇನು?”

“ಸಿಟ್ಟಾಗಬ್ಯಾಡ. ಚಲೋ ಮಾಲು, ಕಡದು ಹಾಳು ಮಾಡೂದು ಬ್ಯಾಡ.” ಕನಕಪ್ಪ ನಿಜಕ್ಕೂ ಪ್ರೀತಿಯಿಂದಲೇ ಹೇಳುತ್ತಿದ್ದ, ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ. “ರವಿವಾರ ಮೈಲಾರಿ ಹೊಡೀಲಿ. ನಿನ್ನ ಹೆಸರಿನ ಬದಲಿ ಅವನ ಹೆಸರು ಬರಸೂಣು. ನೀ ಹಿಂದ ಟಂಟಂ ಗಾಡ್ಯಾಗ ನೀರು, ಬಾಳಿಹಣ್ಣು ಹಿಡಕೊಂಡು ಬಾ. ಹಿರೇಕೆರೂರು ತನಕಾ ಆರಾಮ ಕುಂತು ಹೋಗಬೌದು. ನಿನ್ನ ಕೈನೂ ಉಳೀತಾವ.”

ಮೈಲಾರಲಿಂಗ ಸೈಕಲ್ಲು ನಿಲ್ಲಿಸಿ, ಇನ್ನೂ ಸರಳು ಹಿಡಿದೇ, ತಂಗಿಯ ಕಡೆ ನೋಡಿದ. ಅವಳು ಬಂದು ಹ್ಯಾಂಡಲ್ಲಿನ ಮೇಲೆ ಕೈಯಿಟ್ಟಳು.

“ಇಳಿ.”

“ಅಪ್ಪ ಹೇಳಾಕತ್ತಾನ, ಪೂರಾ ಕೇಳಾರ ಕೇಳು. ಡ್ರೈವರ್ ಬಾಜೂಕಿನ ಸೀಟ ನಿನಗ…”

“ಕೇಳೇನಿ,” ಎಂದಳು ಮಲ್ಲಿಕಾ. “ವಲ್ಲೆ.”