ಕೆಸರಿಗೆ ಬಿದ್ದವಳ ನಗು

ಮತ್ತೆ ಮೊಣಕೈ, ಅದೂ ಸರಿಯಾಗಿ ಪಕ್ಕೆಗೇ, ನೋಡು ನೋಡು ಈಗ ಬೀಳ್ತಾಳೆ ಎಂದು ಗಂಡ ತಿವಿಯುತ್ತಿದ್ದಾನೆ, ಕಣ್ಣು ಮುಚ್ಚಿಕೊಂಡರೂ ಅವಳಿಗೆ ಗೊತ್ತು, ಈಗ ಕತ್ತೆ ಮೊಂಡು ಹಿಡಿದು ನಿಲ್ಲುತ್ತದೆ, ನಾಯಕಿ ಕೆಸರಿಗೆ ಬೀಳುತ್ತಾಳೆ, ಎತ್ತಲು ಹೋದ ನಾಯಕನೂ ಬೀಳುತ್ತಾನೆ, ಆಮೇಲೆ ಆ ನಗು — ಇಡೀ ಟಾಕೀಸು ಗೊಳ್ಳೆಂದಿತು. ಅವಳಿಗೆ ಮೈಯೆಲ್ಲ ಉರಿಯಿತು. ಆ ನಗು ಅವಳದು. ಮುಖ ನಾಯಕಿಯದು, ಮಾತೂ ನಾಯಕಿಯದೇ, ನಗು ಮಾತ್ರ ಇಲ್ಲಿ ಕತ್ತಲಲ್ಲಿ ಗಂಡನ ಪಕ್ಕ ಕೂತವಳದು. ಆ ಹುಡುಗಿ ನಕ್ಕರೆ ಬಿಕ್ಕಳಿಕೆ ಬಂದ ಹಾಗಿರುತ್ತೆ, ನಗು ಮಾತ್ರ ನೀವು ಕೊಟ್ಟುಬಿಡಿ ಅಕ್ಕಾ ಎಂದು ರೆಕಾರ್ಡಿಂಗಿನವನು ಕರೆಸಿದ್ದ, ಗೋಡೆಗೆಲ್ಲ ಸ್ಪಂಜು ಮೆತ್ತಿದ ಉಸಿರುಗಟ್ಟುವ ಕೋಣೆ, ಕಿವಿಗೆ ಹೆಡ್‌ಫೋನು, ನಾಯಕಿಯ ತುಟಿ ಬಿಚ್ಚಿದೊಡನೆ ಶುರುಮಾಡಬೇಕು, ಮುಚ್ಚುವುದರೊಳಗೆ ಮುಗಿಸಬೇಕು, ಇದು ನೆಂಟರ ಮುಂದೆ ನಗೋ ನಗು ಆಯ್ತು ಅಕ್ಕಾ, ಹೊಟ್ಟೆಯಿಂದ ಬರ್ಲಿ, ಇನ್ನೊಂದ್ಸಲ. ಹೊಟ್ಟೆಯಲ್ಲಿ ಎಲ್ಲಿತ್ತು? ಕೊನೆಗೆ ಎಲ್ಲಿಂದ ತಂದಳೆಂದು ಅವಳಿಗಷ್ಟೇ ಗೊತ್ತು — ಮದುವೆಯಾದ ಹೊಸತು, ಬಸ್ಸು ತಪ್ಪಿ, ಎಲೆಕೋಸು ತುಂಬಿದ ಲಾರಿ ಹತ್ತಿ, ತಿರುವಿನಲ್ಲಿ ಇಬ್ಬರೂ ಕೋಸುಗಳ ಜೊತೆ ಉರುಳಿ, ಇವನು, ಇದೇ ಇವನು, ಅವಳ ಕೂದಲಿನಿಂದ ಕೋಸಿನೆಲೆ ಕೀಳುತ್ತಾ, ನೀನು ಹಿಂಗೆ ನಗ್ತೀಯ ಅಂದ್ರೆ ನಾನು ದಿನಾ ಬಸ್ಸು ತಪ್ಪಿಸ್ಕೊಳ್ತೀನಿ ಕಣೇ. ಆ ಲಾರಿಯನ್ನು ನೆನೆದು ನಕ್ಕಳು, ಒಂದೇ ಏಟಿಗೆ ಓಕೆ ಆಯಿತು.

ಅದಕ್ಕೇ ಇವನಿಗೆ ಹೇಳಲಿಲ್ಲ, ಯಾವುದೋ ಚಿಕ್ಕ ಕೆಲಸ ಎಂದಷ್ಟೇ ಹೇಳಿ ತಾನೇ ಟಿಕೆಟ್ ತಂದಳು, ಮೊದಲ ನಗುವಿಗೇ ಇವನು ತಿರುಗಿ ನೋಡುತ್ತಾನೆ, ಲೇ ಇದು ನೀನಲ್ವೇನೇ ಎನ್ನುತ್ತಾನೆ, ಅಷ್ಟು ಸಾಕು, ವರ್ಷಗಳ ಮುನಿಸನ್ನು ಈ ಕುರ್ಚಿಯ ಕೆಳಗೇ ಬಿಟ್ಟು ಮನೆಗೆ ಹೋಗುತ್ತೇನೆ — ಗುರುತು ಹಿಡಿಯದಿದ್ದರೆ ಎಂದು ಯೋಚಿಸಿಯೇ ಇರಲಿಲ್ಲ, ಪೆದ್ದಿ, ಶುದ್ಧ ಪೆದ್ದಿ. ಎಂಥಾ ನಗು ನೋಡೇ, ಮನಸ್ಸು ಹಗುರ ಆಗತ್ತೆ, ನಿಂಗ್ಯಾಕೆ ಹಿಂಗೆ ನಗಕ್ಕೆ ಬರಲ್ಲ? ಯಾಕಂತೆ! ಅಡುಗೆಮನೆಯಿಂದ ತಂಗಿಯ ಜೊತೆ ಫೋನಿನಲ್ಲಿ ನಕ್ಕರೆ ಟೀವಿಯಿಂದ ಕಣ್ಣು ತೆಗೆಯದೆ ಇವನ ಬೆರಳು ತುಟಿಯ ಮೇಲೆ, ಶ್, ಅತ್ತಿಗೆ ಬಂದು ತಮಾಷೆ ಮಾಡಿದರೂ ಬೆರಳು, ಕಡೆಕಡೆಗೆ ಬೆರಳು ಏಳುವ ಮೊದಲೇ ಅವಳ ಬಾಯಿ ತಾನಾಗಿ ಮುಚ್ಚುತ್ತಿತ್ತು, ಈಗ ಕೇಳುತ್ತಾನೆ, ಯಾಕೆ ಬರಲ್ಲ. ಇಂಥ ಸಿನಿಮಾ ಇವನಿಗೆ ಹಿಡಿಸದೆ ಇನ್ನೇನು, ದೋಣಿ ಮುಳುಗಿದರೂ ಯಾರೂ ಸಾಯುವುದಿಲ್ಲ, ಕಳ್ಳರ ಗುಂಡು ಟೋಪಿಯನ್ನಷ್ಟೇ ಹಾರಿಸುತ್ತದೆ, ಕೆಸರು ಮುಂದಿನ ದೃಶ್ಯದೊಳಗೆ ಮಾಯ, ಒಗೆದವರು ಯಾರು ಎಂದು ಒಬ್ಬನೂ ಕೇಳುವುದಿಲ್ಲ, ದಾರಿ ತಪ್ಪಿದರೆ ಎಲ್ಲಾ ನಿನ್ನಿಂದಲೇ ಆಗಿದ್ದು ಎಂದು ಗಂಡಸು ಎಗರಾಡುವುದಿಲ್ಲ, ಸರಿ ಬಿಡು, ಹೊಸ ದಾರಿ ನೋಡೋಣ ಅನ್ನುತ್ತಾನೆ — ಹಾಳಾದ್ದು, ಅವಳಿಗೂ ಹಿಡಿಸುತ್ತಿದೆ, ಅದಕ್ಕೇ ಇನ್ನಷ್ಟು ಸಿಟ್ಟು, ಇಷ್ಟೆಲ್ಲ ಉರಿಯುತ್ತಿದ್ದರೂ ಅವರಿಬ್ಬರು ಒಂದಾಗಲಿ ಎಂದು ಅವಳ ಎದೆ ಹೊಡೆದುಕೊಳ್ಳುತ್ತಿದೆ, ಈಗ ನಾಯಕ ದೋಣಿಯ ಅಂಚಿನಲ್ಲಿ ಮಂಡಿಯೂರುತ್ತಾನೆ, ಉಂಗುರ ತೆಗೆಯುತ್ತಾನೆ, ಕಾಲು ಜಾರಿ ದೊಪ್ಪೆಂದು ನೀರಿಗೆ, ನಾಯಕಿ ನಗುತ್ತಾಳೆ, ಅವಳೂ ನಕ್ಕಳು, ತಡೆಯಲಾಗಲಿಲ್ಲ, ತಡೆಯುವ ಮನಸ್ಸೂ ಬರಲಿಲ್ಲ, ಗಟ್ಟಿಯಾಗಿ, ಹೊಟ್ಟೆಯಿಂದ, ಪರದೆಯಲ್ಲಿ ಅದೇ ನಗು, ಕುರ್ಚಿಯಲ್ಲಿ ಅದೇ ನಗು, ಮುಂದಿನ ಸಾಲಿನ ಹೆಂಗಸು ಸರಕ್ಕನೆ ತಿರುಗಿ ಅವಳನ್ನು ನೋಡಿದಳು, ಪರದೆಯನ್ನು ನೋಡಿದಳು, ಮತ್ತೆ ಅವಳನ್ನು, ಅಯ್ಯೋ ನೀವೇನಾ ಎಂದು ಬಾಯಿ ತೆರೆದೇಬಿಟ್ಟಳು, ಯಾರೋ ಏನೋ, ಮುಖಪರಿಚಯವೂ ಇಲ್ಲದವಳು — ಇವಳು ಗಂಡನ ಕಡೆ ತಿರುಗಿದಳು, ಈಗಲಾದರೂ, ಈಗಲಾದರೂ, ಅವನ ಕಣ್ಣು ಪರದೆಯ ಮೇಲೆ, ಸ್ವಲ್ಪ ಸುಮ್ನಿರೇ, ಅವಳು ನಗೋದು ಕೇಳಿಸ್ತಿಲ್ಲ, ತುಟಿಯ ಮೇಲೆ ಬೆರಳು, ನೆಟ್ಟಗೆ, ಆ ಬೆರಳು, ಅದೇ ಬೆರಳು.