ಅದಿನಾಯಳ ಕಾಲಿನ ದಾರ

ಮೂವತ್ತನಾಲ್ಕು.

ಚೋಲ್ಪೋನ್ ಗಡಿಯಾರದಿಂದ ಕಣ್ಣು ಕಿತ್ತು, ಮಗುವಿನ ಹೊಟ್ಟೆಯ ಮೇಲಿಟ್ಟಿದ್ದ ಕೈಯನ್ನು ಮೆಲ್ಲಗೆ ತೆಗೆದಳು. ನಿಮಿಷಕ್ಕೆ ಮೂವತ್ತನಾಲ್ಕು ಉಸಿರು. ನಿದ್ದೆಯಲ್ಲಿರುವ ಕೂಸಿಗೆ ತುಸು ಹೆಚ್ಚೇ, ಆದರೆ ಹೆದರುವಷ್ಟಲ್ಲ. ನಲವತ್ತು ದಾಟಿದರೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆದುಕೊಂಡರೆ, ಗಂಟಲ ಕೆಳಗಿನ ಗುಳಿ ಆಳವಾದರೆ ಆಗ ಹೆದರಬೇಕು ಎಂದು ಪಟ್ಟಣದ ಡಾಕ್ಟರಮ್ಮ ಹೇಳಿದ್ದರು. ತುಟಿ ನೀಲಿಯಾದರೆ ಹೆದರುತ್ತಾ ಕೂರಬೇಡ, ಗಾಡಿ ಹತ್ತು ಎಂದೂ ಹೇಳಿದ್ದರು. ಗಾಡಿ ಹತ್ತಿದರೂ ಘಾಟಿ ದಾಟಿ ಆಸ್ಪತ್ರೆ ಮುಟ್ಟಲು ಒಂದೂವರೆ ಗಂಟೆ ಬೇಕು ಅಂದಾಗ ಡಾಕ್ಟರಮ್ಮ ಔಷಧಿ ಚೀಟಿಯ ಮೇಲೆ ಇನ್ನೊಂದು ಸಾಲು ಬರೆದರು. ಆಮೇಲೆ, "ಹಾಗಾದ್ರೆ ನೀಲಿ ಪಂಪು ಯಾವಾಗ್ಲೂ ಕೈಗೆ ಎಟುಕೋ ಹಾಗಿರ್ಲಿ," ಎಂದರು.

ಅಂದಿನಿಂದ ಆ ನೀಲಿ ಇನ್ಹೇಲರ್ ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ ಕೆಂಪು ಬಟ್ಟೆಚೀಲದಲ್ಲೇ ಇರುತ್ತಿತ್ತು. ಜೊತೆಗೆ ಮಗುವಿನ ಮೂಗು ಬಾಯಿ ಮುಚ್ಚುವ ಪುಟ್ಟ ಮಾಸ್ಕು, ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ. ಬೆಳಿಗ್ಗೆಯಿಂದ ಚೋಲ್ಪೋನ್ ಆ ಚೀಲವನ್ನು ಮೂರು ಸಲ ಮುಟ್ಟಿ ನೋಡಿದ್ದಳು.

"ಮತ್ತೆ ಎಣಿಸ್ತಿದ್ದೀಯಾ?" ಬಾಗಿಲಲ್ಲಿ ಅವಳ ಅತ್ತೆ ಊಲ್ಕನ್ ನಿಂತಿದ್ದಳು. ತಲೆಗೆ ಹಬ್ಬದ ಬಿಳಿ ವಸ್ತ್ರ, ತೋಳಿಗೆಲ್ಲ ಹಿಟ್ಟು. "ಮಂದೇಲಿ ಕುರಿಮರಿ ಎಣಿಸಿದ್ರೇ ನಮ್ಮಪ್ಪ ಬೈತಿದ್ದ. ಎಣಿಸಿದ್ದು ಕಮ್ಮಿಯಾಗುತ್ತೆ ಕಣೇ. ಉಸಿರು ಎಣಿಸೋದನ್ನ ನಾನು ಯಾವ ಕಾಲಕ್ಕೂ ಕಂಡಿಲ್ಲ."

"ಇದೊಂದೇ ಸಲ, ಅಪಾ." ಅತ್ತೆಯನ್ನು ಚೋಲ್ಪೋನ್ ಅಪಾ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು.

"ಒಂದೇ ಸಲ ಅಂತೆ! ಏಳು. ನೆಂಟರು ಬರೋ ಹೊತ್ತಾಯ್ತು."

ಇವತ್ತು ಅದಿನಾಯಳ ಕಾಲಿನ ದಾರ ಕತ್ತರಿಸುವ ಹಬ್ಬ. ಮಗು ಮೊದಲ ಹೆಜ್ಜೆ ಇಟ್ಟಾಗಲೇ ಆಗಬೇಕಿದ್ದದ್ದು. ಕಪ್ಪು ಬಿಳಿ ಉಣ್ಣೆ ಹೊಸೆದ ದಾರವನ್ನು ಕಾಲುಗಳಿಗೆ ಕಟ್ಟಿ ಅಂಗಳದಲ್ಲಿ ನಿಲ್ಲಿಸುತ್ತಾರೆ. ಊರ ಮಕ್ಕಳು ದೂರದಿಂದ ಓಡಿಬರುತ್ತಾರೆ. ಮೊದಲು ಮುಟ್ಟಿದವರು ದಾರ ಕತ್ತರಿಸಿ, ಕೂಸಿನ ಕೈಹಿಡಿದು ನಾಲ್ಕು ಹೆಜ್ಜೆ ನಡೆಸುತ್ತಾರೆ. ಕಳೆದ ವರ್ಷ ಆ ದಿನಗಳಲ್ಲಿ ಅದಿನಾಯ್ ಆಸ್ಪತ್ರೆಯಲ್ಲಿದ್ದಳು. ಈಗ ಅವಳಿಗೆ ಎರಡು ತುಂಬಲು ಒಂದೇ ತಿಂಗಳು.

"ಕಣ್ಣಿಗೆ ಕಾಣದ ಹಗ್ಗ ಕಾಲಲ್ಲಿಟ್ಕೊಂಡೇ ಓಡಾಡ್ತಿದೆ ಕೂಸು," ಎಂದು ಊಲ್ಕನ್ ಬೇಸಿಗೆಯಿಡೀ ಹೇಳಿದ್ದಳು. "ಅದಕ್ಕೇ ಅದರ ಉಸಿರು ಎಡವುತ್ತೆ."

ಚೋಲ್ಪೋನ್ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು. ಉಸಿರು ಯಾಕೆ ಎಡವುತ್ತದೆ ಎಂದು ಬೋರ್ಡಿನ ಮೇಲೆ ಬಿಡಿಸಿ ತೋರಿಸಬಲ್ಲಳು. ಆದರೆ ಸೊಸೆಯಾಗಿ ಅತ್ತೆಯ ಮುಂದೆ ಬೋರ್ಡು ಇಡಲಾಗುತ್ತದೆಯೇ? ಕೊನೆಗೆ ಒಂದೇ ಒಂದು ಮಾತು ಕೇಳಿದ್ದಳು: ಹಬ್ಬದ ದಿನ ಮನೆಯಲ್ಲಿ ಅರ್ಚಾ ಮರದ ಸೊಪ್ಪಿನ ಹೊಗೆ ಹಾಕಬಾರದು. ದೃಷ್ಟಿ ತೆಗೆಯುವ ಆ ಹೊಗೆಯಿಲ್ಲದೆ ಊಲ್ಕನ್ ತನ್ನ ಜನ್ಮದಲ್ಲಿ ಹಬ್ಬ ಮಾಡಿದವಳಲ್ಲ. ಆದರೂ ರೊಟ್ಟಿಯ ಮೇಲೆ ಕೈಯಿಟ್ಟು, "ಆಯ್ತು. ಹಾಕಲ್ಲ," ಎಂದಿದ್ದಳು. ರೊಟ್ಟಿ ಮುಟ್ಟಿ ಹೇಳಿದ ಮಾತನ್ನು ಊಲ್ಕನ್ ಮುರಿಯುವವಳಲ್ಲ. ಚೋಲ್ಪೋನಳಿಗೆ ಅದೊಂದೇ ಧೈರ್ಯ.

ಹತ್ತು ಗಂಟೆಗೆ ಮನೆ ತುಂಬಿತು. ನವೆಂಬರಿನ ಒಣಚಳಿ, ಹಿಮ ಇನ್ನೂ ಬಿದ್ದಿರಲಿಲ್ಲ. ಬೂಟುಗಳ ರಾಶಿ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಿತ್ತು. ಚೋಲ್ಪೋನ್ ಚಹಾದ ನೀರು ಕುದಿಯುವ ಸಮೋವರಿನ ಪಕ್ಕದಲ್ಲಿ, ಸೊಸೆ ಕೂರಬೇಕಾದ ಜಾಗದಲ್ಲಿ ಕೂತು ಬಟ್ಟಲು ಬಟ್ಟಲಿಗೆ ಚಹಾ ಸುರಿಯುತ್ತಿದ್ದಳು. ಅಲ್ಲಿಂದ ಕಿಟಕಿ ಕಾಣುತ್ತಿತ್ತು. ಕಿಟಕಿಯಾಚೆ ಗಂಡ ಮಕ್ಸತ್‌ನ ಹೆಗಲ ಮೇಲೆ ಮಗಳ ಹಳದಿ ಟೋಪಿ ಕಾಣುತ್ತಿತ್ತು.

"ಕಣ್ಣು ಕಿಟಕೀಲಿದೆ, ಚಹಾ ನನ್ನ ಮಂಡಿ ಮೇಲಿದೆ," ಎಂದಳು ಗುಲ್ಸುನ್. ಅವಳು ಮಕ್ಸತ್‌ನ ಅಣ್ಣನ ಹೆಂಡತಿ, ಚೋಲ್ಪೋನಳಿಗೆ ಎಜೆ, ಅಂದರೆ ಅಕ್ಕ. ಐದು ಮಕ್ಕಳ ತಾಯಿ, ಮಾತಿಗೆ ಕಡಿವಾಣವಿಲ್ಲದವಳು.

"ಅಯ್ಯೋ, ಎಜೆ, ಸುಟ್ಟಿತಾ?"

"ನನ್ನ ಚರ್ಮ ಸುಡೋ ಚಹಾ ಇನ್ನೂ ಹುಟ್ಟಿಲ್ಲ ಬಿಡು. ಅಲ್ವೇ, ನಿನ್ನ ಮಗಳೇನು ಗಾಜಿನವಳಾ? ಅಪ್ಪನ ಹೆಗಲ ಮೇಲಿದ್ದಾಳೆ, ಹಾರಿಹೋಗಲ್ಲ."

ಹೆಂಗಸರು ನಕ್ಕರು. ಚೋಲ್ಪೋನಳೂ ನಕ್ಕಳು. ನಗುತ್ತಲೇ ಕೊಪ್ಪರಿಗೆಯ ಹೊಗೆ ಯಾವ ಕಡೆಗೆ ತಿರುಗುತ್ತಿದೆ ಎಂದು ನೋಡಿದಳು. ಬೇಲಿಯ ಬಳಿ ಬೆರಣಿ ಉರಿಯಲ್ಲಿ ಮಾಂಸ ಬೇಯುತ್ತಿತ್ತು. ಹೊಗೆ ಸದ್ಯಕ್ಕೆ ಹೊಳೆಯ ಕಡೆ ಹೋಗುತ್ತಿತ್ತು. ಎದ್ದು ಆ ಕೆಂಪು ಚೀಲವನ್ನು ಇನ್ನೊಂದು ಸಲ ಮುಟ್ಟಿ ಬರಬೇಕು ಅನ್ನಿಸಿತು. ಅಷ್ಟರಲ್ಲಿ ಯಾರೋ ಬಟ್ಟಲು ಚಾಚಿದರು. ಆಮೇಲೆ ಇನ್ನೊಬ್ಬರು.

ಹೊರಗೆ ಕೂಗು ಎದ್ದಿತು. "ಬನ್ನಿ, ಬನ್ನಿ, ಕಟ್ತಿದ್ದಾರೆ!"

ಎಲ್ಲರೂ ಅಂಗಳಕ್ಕೆ ನುಗ್ಗಿದರು. ಚೋಲ್ಪೋನ್ ಚಹಾದ ಕೆಟಲು ಹಿಡಿದುಕೊಂಡೇ ಹೊಸ್ತಿಲಿಗೆ ಬಂದಳು. ಅಂಗಳದ ನಡುವೆ ಕಂಬಳಿಯ ಮೇಲೆ ಅದಿನಾಯ್ ನಿಂತಿದ್ದಳು, ಮೂಗಿನವರೆಗೆ ಸುತ್ತಿದ ಉಣ್ಣೆ ಶಾಲಿನೊಳಗೆ. ಊಲ್ಕನ್ ಮಂಡಿಯೂರಿ ಆ ಪುಟ್ಟ ಬೂಟುಗಳ ಮೇಲೆ ದಾರವನ್ನು 8ರ ಆಕಾರದಲ್ಲಿ ಸುತ್ತಿ ಗಂಟು ಹಾಕಿದಳು. ದೂರದ ಪಾಪ್ಲರ್ ಮರಗಳ ಕೆಳಗೆ ಇಪ್ಪತ್ತು ಮಕ್ಕಳು ಒಬ್ಬರನ್ನೊಬ್ಬರು ತಳ್ಳುತ್ತಾ ಸಾಲಾಗಿ ನಿಂತಿದ್ದರು. ಮಕ್ಸತ್ ಟೋಪಿ ಎತ್ತಿ ಹಿಡಿದು, ಕೆಳಗೆ ಬೀಸಿದ.

ಮಕ್ಕಳು ಓಡಿದರು. ಒಣಗಿದ ದಾರಿಯ ದೂಳು ಅವರ ಹಿಂದೆ ಗೋಡೆಯ ಹಾಗೆ ಎದ್ದಿತು. ಅದೇ ಹೊತ್ತಿಗೆ ಗಾಳಿ ತಿರುಗಿತು. ಬೆರಣಿಯ ಹೊಗೆ ಬೇಲಿಯ ಉದ್ದಕ್ಕೂ ಹೊರಳಿ ಅಂಗಳಕ್ಕೆ ಇಳಿಯಿತು.

"ಮಕ್ಸತ್! ಅವಳನ್ನ ಎತ್ಕೋ!" ಎಂದು ಚೋಲ್ಪೋನ್ ಕೂಗಿದಳು. ನೂರು ಗಂಟಲುಗಳ ಹುರುಪಿನಲ್ಲಿ ಅವಳ ಕೂಗು ಯಾರಿಗೆ ಕೇಳಬೇಕು?

ಗುಲ್ಸುನಳ ಎರಡನೇ ಮಗಳು ಮೊದಲು ಬಂದು ಅದಿನಾಯಳ ಮುಂದೆ ಧೊಪ್ಪನೆ ಬಿದ್ದಳು. ಹಿಂದೆಯೇ ಉಳಿದವರೆಲ್ಲ ಬಂದು ಮುತ್ತಿದರು. ಎಲ್ಲರೂ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರು. ಚೋಲ್ಪೋನ್ ಕೆಟಲನ್ನು ಅಲ್ಲೇ ಬಿಟ್ಟು ಆ ಗುಂಪಿನೊಳಗೆ ನುಗ್ಗಿದಳು. ಸುತ್ತ ಇಪ್ಪತ್ತು ಎದೆಗಳು ಏರಿಳಿಯುತ್ತಿದ್ದವು, ಇಪ್ಪತ್ತು ಗಂಟಲುಗಳು ಸುಯ್ಯೆನ್ನುತ್ತಿದ್ದವು. ರಾತ್ರಿ ಮನೆಯ ಆ ತುದಿಯಿಂದಲೂ ಅವಳಿಗೆ ಕೇಳಿಸುತ್ತಿದ್ದ ಆ ಒಂದು ಉಸಿರು ಈ ಉಸಿರುಗಳ ಸಂತೆಯಲ್ಲಿ ಎಲ್ಲಿದೆ ಎಂದು ತಿಳಿಯಲಿಲ್ಲ.

ಶಾಲು ಸರಿಸಿದಳು. ಮಗು ಅಳುತ್ತಿರಲಿಲ್ಲ. ಅದಿನಾಯ್ ತುಟಿ ತೆರೆದು ಎದುರಿಗೇ ದಿಟ್ಟಿಸುತ್ತಿದ್ದಳು, ಭುಜಗಳು ಕಿವಿಯತ್ತ ಏರುತ್ತಿದ್ದವು. ಗಂಟಲ ಕೆಳಗಿನ ಗುಳಿ ಬೆರಳಿಟ್ಟು ಒತ್ತಿದ ಹಾಗೆ ಒಳಕ್ಕೆ ಹೋಗುತ್ತಿತ್ತು. ಹೋಗುತ್ತಿತ್ತು, ಮತ್ತೆ ಹೋಗುತ್ತಿತ್ತು.

"ದಾರ! ಇನ್ನೂ ದಾರ ಕತ್ತರಿಸಿಲ್ಲ!" ಎಂದು ಯಾರೋ ಕೂಗಿದರು. ಚೋಲ್ಪೋನ್ ಕಾಲು ಕಟ್ಟಿದ ಮಗುವನ್ನು ಹಾಗೆಯೇ ಎತ್ತಿಕೊಂಡು ಒಳಗೆ ಓಡಿದಳು.

ಮೊಳೆಯಲ್ಲಿ ಚೀಲವಿರಲಿಲ್ಲ.

ಕೆಳಗೆ ನೋಡಿದಳು, ಕೋಟುಗಳ ಹಿಂದೆ ನೋಡಿದಳು. ಬರಿಯ ಮೊಳೆ.

"ಅಪಾ! ಚೀಲ! ಕೆಂಪು ಚೀಲ ಎಲ್ಲಿ?"

ಹಿಂದೆಯೇ ಬಂದ ಊಲ್ಕನ್ ಏದುತ್ತಿದ್ದಳು. "ಹೆದರಬೇಡ, ಜೋಪಾನವಾಗಿದೆ. ನಾನೇ ಎತ್ತಿಟ್ಟೆ. ಬೆಳಿಗ್ಗೆಯಿಂದ ಎರಡು ಒಲೆ ಉರೀತಿದೆ, ಕಾವು ಬಡಿದು ಔಷಧಿ ಕೆಟ್ಟೋಗುತ್ತೆ ಅಂತ. ನಾನು ಕುರಿ ಫಾರ್ಮಿನ ಕೆಲಸದಲ್ಲಿದ್ದಾಗ ಚುಚ್ಚುಮದ್ದೆಲ್ಲ ನಾವು ಐಸ್ ಮೇಲೇ ಇಡ್ತಿದ್ವಲ್ಲ."

"ಎಲ್ಲಿಟ್ರಿ?"

"ಉಗ್ರಾಣದಲ್ಲಿ. ಮಾಂಸದ ಹತ್ತಿರ."

ಉಗ್ರಾಣ ಅಂಗಳದ ಆಚೆ ತುದಿಗಿತ್ತು. ಚಳಿಗಾಲದ ಕುದುರೆ ಮಾಂಸ ಹೆಪ್ಪುಗಟ್ಟಿ ಕಲ್ಲಾಗಿ ನೇತಾಡುವ ಜಾಗ ಅದು. ಚೋಲ್ಪೋನ್ ಮಗುವನ್ನು ಅಷ್ಟರಲ್ಲಿ ಓಡಿಬಂದ ಮಕ್ಸತ್‌ನ ಕೈಗೆ ಹಾಕಿ, "ನೆಟ್ಟಗೆ ಹಿಡ್ಕೋ, ಮಲಗಿಸ್ಬೇಡ," ಎಂದು ಕಾಲುಚೀಲದಲ್ಲೇ ಓಡಿದಳು. ಚೀಲ ಸಿಕ್ಕಿತು. ಇನ್ಹೇಲರ್ ಕೈ ಸುಡುವಷ್ಟು ತಣ್ಣಗಿತ್ತು.

ವಾಪಸು ಬಂದು ಅಲುಗಾಡಿಸಿ, ಕೊಳವೆಗೆ ಸಿಕ್ಕಿಸಿ, ಮಾಸ್ಕನ್ನು ಮಗುವಿನ ಮುಖಕ್ಕೆ ಒತ್ತಿ ಪಂಪು ಅದುಮಿದಳು. ಕೊಳವೆಯೊಳಗೆ ಯಾವಾಗಲೂ ಕಾಣುವ ಬಿಳಿ ಮಂಜು ಕಾಣಲಿಲ್ಲ. ಒಂದು ಹನಿ ಉಗುಳಿದ ಹಾಗೆ ಸದ್ದಾಯಿತು ಅಷ್ಟೆ. ಮತ್ತೆ ಅಲುಗಾಡಿಸಿದಳು, ಮತ್ತೆ ಅದುಮಿದಳು. ಮತ್ತೆ ಅದೇ ಉಗುಳು.

"ಬರ್ತಿಲ್ಲ," ಎಂದಳು. ತನ್ನ ದನಿ ತನಗೇ ಗುರುತು ಹತ್ತಲಿಲ್ಲ. "ಹೆಪ್ಪುಗಟ್ಟಿದೆ. ಔಷಧಿ ಬರ್ತಿಲ್ಲ."

"ಸಮೋವರ್ ಕುದೀತಿದೆ, ಅದರೊಳಗೆ ಅದ್ದು!" ಗುಲ್ಸುನ್ ಕೈ ಚಾಚಿದಳು.

"ಬೇಡ ಎಜೆ! ಸಿಡಿಯುತ್ತೆ!"

ಊಲ್ಕನ್ ಸೊಸೆಯ ಕೈಯಲ್ಲಿದ್ದ ಪಂಪಿನಿಂದ ಲೋಹದ ಡಬ್ಬಿಯನ್ನು ಕಿತ್ತುಕೊಂಡಳು. ಕೋಟಿನ ಗುಂಡಿ, ಅದರೊಳಗಿನ ಸ್ವೆಟರಿನ ಗುಂಡಿ, ಅದರೊಳಗಿನ ರವಿಕೆಯ ಗುಂಡಿ ಬಿಚ್ಚಿ ಬರಿ ಕಂಕುಳಿಗೆ ಇಟ್ಟು ತೋಳು ಬಿಗಿದಳು. ತಣುಪಿಗೆ ಅವಳ ಮುಖ ಕಿವುಚಿಕೊಂಡಿತು.

"ಚಳಿಗೆ ಸತ್ತೇ ಹೋದ ಮರಿಗಳನ್ನ ಇಲ್ಲೇ ಇಟ್ಟು ಎಬ್ಬಿಸಿದ್ದೀನಿ," ಎಂದಳು. ಯಾರಿಗೆ ಹೇಳಿದಳೋ. "ಬಾ, ಬೇಗ ಬೆಚ್ಚಗಾಗು. ಬಾ."

ಚೋಲ್ಪೋನ್ ಮಗುವನ್ನು ಗಂಡನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲೆ ಕೂರಿಸಿ, ತುಸು ಮುಂದಕ್ಕೆ ಬಾಗಿಸಿ ಹಿಡಿದಳು. ಬೆನ್ನಿನ ಮೇಲಿಟ್ಟ ಅಂಗೈಗೆ ಒಳಗಿನ ಸಿಳ್ಳೆ ತಟ್ಟುತ್ತಿತ್ತು. ಎಣಿಸಿದಳು. ಐವತ್ತೆರಡು. ಹೊರಗೆ ಮಕ್ಸತ್ ಕಾರು ಚಾಲೂ ಮಾಡುತ್ತಿದ್ದ. ಚಳಿಗೆ ಇಂಜಿನ್ ಕೆಮ್ಮಿ ನಿಂತಿತು, ಮತ್ತೆ ಕೆಮ್ಮಿತು.

ನಲವತ್ತೇಳು.

ಕಡಿಮೆಯಾಯಿತು! ಒಂದು ಕ್ಷಣ ಹಗುರಾದಳು. ಮರುಕ್ಷಣವೇ ಮಗುವಿನ ಗಂಟಲನ್ನು ನೋಡಿದಳು. ಮಗು ಸುಧಾರಿಸಿದರೆ ಎಣಿಕೆ ಇಳಿಯುತ್ತದೆ. ಮಗು ಸೋತರೂ ಎಣಿಕೆ ಇಳಿಯುತ್ತದೆ. ಗುಳಿ ಇನ್ನೂ ಆಳವಾಗಿಯೇ ಇತ್ತು. ಅದಿನಾಯಳ ತಲೆ ಮೆಲ್ಲಗೆ ಅಮ್ಮನ ತೋಳಿಗೆ ಒರಗಿತು.

"ಅದಿನಾಯ್, ನೋಡಿಲ್ಲಿ. ನೋಡೇ ಚಿನ್ನ. ನಿದ್ದೆ ಮಾಡಬಾರದು." ಮಗುವಿನ ತುಟಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ಬಿಳುಚಿತ್ತು. ನೀಲಿಯೋ ಅಲ್ಲವೋ? ಬೆಳಕೇ ನೀಲಿಯಾಗಿತ್ತು. "ಅಪಾ, ಕೊಡಿ."

"ಇನ್ನೂ ತಣ್ಣಗಿದೆ."

"ಕೊಡಿ ಅಪಾ!"

ಮದುವೆಯಾಗಿ ಬಂದ ಮೇಲೆ ಅವಳು ಅತ್ತೆಯ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಊಲ್ಕನ್ ಸೊಸೆಯ ಕಣ್ಣನ್ನೇ ನೋಡಿದಳು. "ಐವತ್ತು ಎಣಿಸು," ಎಂದಳು. "ನಿಂಗೆ ಎಣಿಸೋಕೆ ಬರುತ್ತಲ್ಲ. ಐವತ್ತು ಎಣಿಸು, ಕೊಡ್ತೀನಿ. ಈಗ್ಲೇ ತೆಗೆದ್ರೆ ಇನ್ನೊಂದು ಉಗುಳು ಅಷ್ಟೆ."

ಚೋಲ್ಪೋನ್ ಎಣಿಸಿದಳು. ಗಟ್ಟಿಯಾಗಿ. ನಲವತ್ತಕ್ಕೆ ಬಂದಾಗ ಊಲ್ಕನ್ ತಾನೇ ತಡೆಯಲಾರದೆ ಡಬ್ಬಿ ತೆಗೆದು ಕೊಟ್ಟಳು. ಅದು ಮೈಯ ಶಾಖಕ್ಕೆ ತೇವವಾಗಿತ್ತು.

ಚೋಲ್ಪೋನ್ ಅದನ್ನು ಪಂಪಿಗೆ ಸಿಕ್ಕಿಸಿ ಗಾಳಿಗೆ ಒಮ್ಮೆ ಅದುಮಿದಳು. ಪುಸ್ ಎಂದು ಬಿಳಿ ಮಂಜು ಹಾರಿತು.

ಮಾಸ್ಕು. ಪಂಪು. ಒಂದು ಉಸಿರು, ಎರಡು, ಮೂರು, ನಾಲ್ಕು, ಐದು, ಆರು. ಅಲುಗಾಡಿಸಿ ಮತ್ತೊಮ್ಮೆ. ಮತ್ತೊಮ್ಮೆ. ಡಾಕ್ಟರಮ್ಮ ಹೇಳಿದಷ್ಟು, ಹೇಳಿದ ಹಾಗೆ. ನಾಲ್ಕನೆಯದಾದ ಮೇಲೆ ಪಂಪು ಕೆಳಗಿಟ್ಟಳು. ಸುಮ್ಮನೆ ಆ ಗುಳಿಯನ್ನೇ ನೋಡುತ್ತಾ ಕೂತಳು.

ಎಷ್ಟು ಹೊತ್ತಾಯಿತೋ, ಅದಿನಾಯ್ ಮಾಸ್ಕನ್ನು ಕೈಯಿಂದ ತಳ್ಳಿ ಮುಖ ಸೊಟ್ಟ ಮಾಡಿದಳು. ಆಮೇಲೆ ಅತ್ತಳು. ತೆಳ್ಳಗಿನ, ಸಿಳ್ಳೆ ಬೆರೆತ ಅಳು. ಅಳುವುದಕ್ಕೆ ಉಸಿರು ಬೇಕು. ಚೋಲ್ಪೋನ್ ಮಗಳ ಬೆವೆತ ತಲೆಗೆ ಮುಖ ಒತ್ತಿದಳು.

"ಅಳ್ತಿದ್ದಾಳೆ," ಎಂದಳು ಗುಲ್ಸುನ್, ಕಣ್ಣೊರೆಸಿಕೊಳ್ಳುತ್ತಾ. "ಥೂ, ಗಾಜಿನವಳು ಅಂದ ನನ್ನ ಬಾಯಿಗಿಷ್ಟು ಮಣ್ಣು."

ಇಂಜಿನ್ ಕೊನೆಗೂ ಹತ್ತಿಕೊಂಡಿತು. ಆಸ್ಪತ್ರೆಗೆ ಹೋಗಲೇಬೇಕಿತ್ತು. ಪಂಪು ಕೊಟ್ಟ ಮೇಲೂ ಉಸಿರು ಮತ್ತೆ ಕಟ್ಟಿಕೊಳ್ಳಬಹುದು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಚೋಲ್ಪೋನ್ ಹಿಂದಿನ ಸೀಟಿನಲ್ಲಿ ಮಗುವನ್ನಿಟ್ಟುಕೊಂಡು ಕೂತಳು. ಯಾರೂ ಕರೆಯದಿದ್ದರೂ ಊಲ್ಕನ್ ಬಂದು ಪಕ್ಕದಲ್ಲಿ ಕೂತಳು. ಬಲತೋಳು ಇನ್ನೂ ಪಕ್ಕೆಗೆ ಬಿಗಿದೇ ಇತ್ತು. ಇನ್ಹೇಲರನ್ನು ಅವಳು ಮತ್ತೆ ಅಲ್ಲಿಗೇ ಸೇರಿಸಿದ್ದಳು.

ಕಿಟಕಿಗೆ ಯಾರೋ ತಟ್ಟಿದರು. ಓಟ ಗೆದ್ದ ಹುಡುಗಿ. ಕೈಯಲ್ಲಿ ಕತ್ತರಿ, ಕೆನ್ನೆಯಲ್ಲಿ ಒಣಗಿದ ಕಣ್ಣೀರು.

"ಅಜ್ಜಿ, ನಾನು ಕತ್ತರಿಸ್ಲೇ ಇಲ್ಲ."

ಆಗಲೇ ಎಲ್ಲರೂ ನೋಡಿದ್ದು. ಅದಿನಾಯಳ ಬೂಟುಗಳ ಮೇಲೆ ಕಪ್ಪು ಬಿಳಿ ದಾರ ಹಾಗೆಯೇ ಇತ್ತು. ಊಲ್ಕನ್ ಸೊಸೆಯ ಕಡೆ ನೋಡಿದಳು.

"ಬೇಗ ಕತ್ತರಿಸು, ಕಂದಾ," ಎಂದಳು ಚೋಲ್ಪೋನ್, ಬಾಗಿಲು ತೆರೆದು.

ಕತ್ತರಿ ಕಚ್ಚಿತು. ದಾರ ಎರಡು ತುಂಡಾಗಿ ಕಾರಿನ ನೆಲಕ್ಕೆ ಬಿತ್ತು.

"ನಡೆಸ್ಬೇಕಲ್ವಾ?"

"ಇವತ್ತು ಅವಳು ನಾಲ್ಕು ಚಕ್ರದ ಮೇಲೆ ನಡೀತಾಳೆ," ಎಂದಳು ಊಲ್ಕನ್. ದನಿಯಲ್ಲಿ ನಗುವಿರಲಿಲ್ಲ.

ಕಾರು ಪಾಪ್ಲರ್ ಮರಗಳನ್ನು ದಾಟಿ ಘಾಟಿಯ ಕಡೆ ತಿರುಗಿತು. ಮೊದಲ ತಿರುವಿನಲ್ಲಿ ಹಿಮದ ಕಾಳುಗಳು ಗಾಜಿಗೆ ಬಡಿಯತೊಡಗಿದವು. ಚೋಲ್ಪೋನ್ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, ಗಡಿಯಾರ ನೋಡುತ್ತಾ, ತುಟಿಯಲ್ಲೇ ಎಣಿಸುತ್ತಿದ್ದಳು. ಅತ್ತೆಗೆ ಕಾಣದಿರಲೆಂದು ಅರ್ಧ ಆ ಕಡೆಗೆ ತಿರುಗಿದ್ದಳು.

"ಎಷ್ಟು?" ಎಂದಳು ಊಲ್ಕನ್.

ಚೋಲ್ಪೋನ್ ತಲೆಯೆತ್ತಿದಳು. "ನಲವತ್ತೊಂದು, ಅಪಾ."

ಮುದುಕಿ ಕಂಕುಳನ್ನು ಇನ್ನಷ್ಟು ಬಿಗಿದು, ಮುಂದಿನ ಏರುದಾರಿಯನ್ನು ನೋಡಿದಳು.

"ಮತ್ತೆ ಎಣಿಸು," ಎಂದಳು.